ಗೆಟಿಯರ್ ಮಾದರಿಯಲ್ಲಿ ಜ್ಞಾನದ ವ್ಯಾಖ್ಯೆಯನ್ನು ಪರೀಕ್ಷಿಸುವ ಕ್ರಮ

ಮೊದಲು ವ್ಯಾಖ್ಯೆಯ ನಿಬಂಧನೆಗಳನ್ನು ಬಿಡಿಬಿಡಿಯಾಗಿ ಬರೆದುಕೊಳ್ಳಿ. ರೂಢಿಯ ವ್ಯಾಖ್ಯೆಯಲ್ಲಿ ಅವು ಮೂರು: ವ್ಯಕ್ತಿ ಒಂದು ಮಾತನ್ನು ನಂಬಿರಬೇಕು, ಅದು ನಿಜವಾಗಿರಬೇಕು, ನಂಬಿಕೆಗೆ ತಕ್ಕ ಸಮರ್ಥನೆ ಇರಬೇಕು.

ಬಳಿಕ ಈ ಮೂರೂ ಈಡೇರಿದರೂ ಜ್ಞಾನವೆನ್ನಲು ಮನಸ್ಸೊಪ್ಪದ ಸನ್ನಿವೇಶವೊಂದನ್ನು ಕಟ್ಟಿ. ಅಮೆರಿಕದ ತತ್ತ್ವಜ್ಞ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟಗಳ ಲೇಖನದಲ್ಲಿ ಮಾಡಿದ್ದು ಇದನ್ನೇ. ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೆ ಸಿಗುವುದೆಂದು ಕಂಪನಿಯ ಅಧ್ಯಕ್ಷರಿಂದಲೇ ಕೇಳಿದ, ಜೋನ್ಸ್‌ನ ಜೇಬಿನ ಹತ್ತು ನಾಣ್ಯಗಳನ್ನು ಕೈಯಾರೆ ಎಣಿಸಿದ ಸ್ಮಿತ್, 'ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ' ಎಂದು ತೀರ್ಮಾನಿಸುತ್ತಾನೆ. ಆದರೆ ಕೆಲಸ ಸಿಗುವುದು ಸ್ಮಿತ್‌ಗೇ, ಮತ್ತು ಅವನಿಗೆ ಅರಿವಿಲ್ಲದಂತೆ ಅವನ ಜೇಬಿನಲ್ಲೂ ಹತ್ತು ನಾಣ್ಯಗಳಿರುತ್ತವೆ. ಅವನ ಮಾತು ನಿಜವಾದದ್ದು ಅದೃಷ್ಟದಿಂದ. ಅವನ ಸಾಕ್ಷ್ಯವೆಲ್ಲ ಜೋನ್ಸ್‌ನ ಕುರಿತದ್ದು. ಇಷ್ಟು ಚಿಕ್ಕ ಕಥೆ ಅಷ್ಟು ಭದ್ರವೆನಿಸಿದ್ದ ವ್ಯಾಖ್ಯೆಯನ್ನು ಅಲುಗಿಸಿದ್ದು ನನಗೆ ಇಂದಿಗೂ ಬೆರಗಿನ ಸಂಗತಿ.

ಈಗ ವ್ಯಾಖ್ಯೆಯನ್ನು ತಿದ್ದಿ: ನಂಬಿಕೆಯು ಯಾವ ಸುಳ್ಳಿನ ಮೇಲೂ ನಿಂತಿರಬಾರದು ಎಂಬ ನಾಲ್ಕನೆಯ ನಿಬಂಧನೆಯನ್ನು ಸೇರಿಸಿ, ಅದನ್ನೂ ಹಾಗೆಯೇ ಪರೀಕ್ಷಿಸಿ. ಮುಂಭಾಗ ಮಾತ್ರವಿರುವ ಹುಸಿ ಕೊಟ್ಟಿಗೆಗಳೇ ತುಂಬಿದ ಊರಿನಲ್ಲಿ ಒಬ್ಬನು ಆಕಸ್ಮಿಕವಾಗಿ ಏಕೈಕ ನಿಜವಾದ ಕೊಟ್ಟಿಗೆಯನ್ನು ನೋಡಿ, ಅದನ್ನು ಕೊಟ್ಟಿಗೆಯೆಂದೇ ನಂಬಿದರೆ, ಅವನು ಯಾವ ಸುಳ್ಳನ್ನೂ ಆಧರಿಸಿಲ್ಲ. ಆದರೂ ಅವನಿಗೆ ಅದು ತಿಳಿದಿದೆಯೆನ್ನಲು ಹಲವು ತತ್ತ್ವಜ್ಞರು ಒಪ್ಪುವುದಿಲ್ಲ.