ರಿಪೋರ್ಟ್ ಬರುವ ಮೊದಲೇ ಕಾಣುವ ಕೊರತೆ: ಸರ್ಜಿಕಲ್ ವಾರ್ಡಿನಲ್ಲಿ ನೀರು ಮತ್ತು ಲವಣಗಳ ಲೆಕ್ಕ

ರಾಯಚೂರಿನ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯ. ಆ ದಿನಗಳಲ್ಲಿ ದೇವದುರ್ಗ, ಮಾನ್ವಿ, ಲಿಂಗಸುಗೂರು ಕಡೆಯಿಂದ ಹೊಟ್ಟೆನೋವೆಂದು ನಮ್ಮ ವಾರ್ಡಿಗೆ ಬರುವವರಲ್ಲಿ ಹಲವರು, ಹೊಲದ ಬೆವರಿನಿಂದಲೂ ಎರಡು ಮೂರು ದಿನಗಳ ವಾಂತಿಯಿಂದಲೂ, ಆಪರೇಷನ್ ಟೇಬಲ್ ಏರುವ ಮೊದಲೇ ದೇಹದ ನೀರು ಮತ್ತು ಲವಣಗಳನ್ನು ಕಳೆದುಕೊಂಡಿರುತ್ತಾರೆ. ಆದ್ದರಿಂದ ದಾಖಲಾತಿಯ ಹೊತ್ತಿನಲ್ಲಿ ನೋವಿನ ವಿಚಾರ ಕೇಳಿದ ಕೂಡಲೇ ನರ್ಸ್ ಆದ ನಾನು ಕೇಳುವುದು, "ತಾತಾ, ನಿನ್ನೆ ಸಂಜಿಯಿಂದ ಎಷ್ಟು ಸಲ ಒಂದಕ್ಕ ಹೋಗೀರಿ? ಯಾವ ಬಣ್ಣ ಇತ್ತು?" ಎಂದು. ಒಣಗಿದ ನಾಲಿಗೆ, ವೇಗದ ನಾಡಿ, ಎದ್ದು ಕುಳಿತಾಗ ಇಳಿಯುವ ರಕ್ತದೊತ್ತಡ, ಇವುಗಳ ಜೊತೆಗೆ ಆ ಉತ್ತರ ಸೇರಿದರೆ ಕೊರತೆಯ ಅಂದಾಜು ಸಿಗುತ್ತದೆ. ವಯಸ್ಸಾದವರಲ್ಲಿ ಚರ್ಮವನ್ನು ಚಿವುಟಿ ನೋಡುವ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಅವರ ಚರ್ಮ ಮೊದಲೇ ಬಿಗಿ ಕಳೆದುಕೊಂಡಿರುತ್ತದೆ.

ನನ್ನ ಕೆಲಸದ ಬೆನ್ನೆಲುಬು, ದೇಹಕ್ಕೆ ಹೋದ ಮತ್ತು ಹೊರಬಂದ ದ್ರವದ ಲೆಕ್ಕ ಬರೆಯುವ ಇನ್‌ಟೇಕ್-ಔಟ್‌ಪುಟ್ ಚಾರ್ಟ್. ಡ್ರಿಪ್ ಬಾಟಲಿ, ಯೂರಿನ್ ಬ್ಯಾಗ್, ರೈಲ್ಸ್ ಟ್ಯೂಬಿನಿಂದ (ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆ) ಬಂದ ದ್ರವ, ಡ್ರೈನ್ (ಆಪರೇಷನ್ ಆದ ಜಾಗದ ದ್ರವ ಹೊರತರುವ ನಳಿಕೆ), ವಾಂತಿ, ಭೇದಿ, ನೆನೆದ ಡ್ರೆಸಿಂಗ್, ಎಲ್ಲವೂ ಅಲ್ಲಿ ಬರಬೇಕು. 'ಸಾಕಷ್ಟು' ಎಂದು ಬರೆದ ಚಾರ್ಟ್ ಮುಂದಿನ ಪಾಳಿಯವರಿಗೆ ಏನನ್ನೂ ಹೇಳುವುದಿಲ್ಲ. ಇದರಲ್ಲಿ ರೋಗಿಯ ಕಡೆಯವರ ಸಹಕಾರ ದೊಡ್ಡದು. ಮನೆಯಿಂದ ತಂದ ಲೋಟವನ್ನೇ ಅಳತೆ ಜಾಡಿಯಲ್ಲಿ ಅಳೆದು, "ಈ ಲೋಟ ಒಮ್ಮೆ ಕುಡಿಸಿದ್ರ ಒಂದು ಗೀಟು ಹಾಕ್ರಿ ಅವ್ವಾ" ಎಂದು ಕಾಗದ, ಪೆನ್ನು ಕೊಟ್ಟರೆ, ಓದು ಬಾರದ ತಾಯಂದಿರೂ ಲೆಕ್ಕ ತಪ್ಪದಂತೆ ಗೀಟು ಹಾಕುತ್ತಾರೆ. ಬಾಯಿಗೆ ಏನೂ ಕೊಡಬಾರದೆಂದಿರುವಾಗ ಮರುಕದಿಂದ ಅಂಬಲಿ ಕುಡಿಸುವವರನ್ನು ನಾನು ಗದರಿಸುವುದಿಲ್ಲ. ಗದರಿಸಿದರೆ ಅವರು ಮುಚ್ಚಿಡುತ್ತಾರೆ, ನನಗೆ ಬೇಕಾದ ಮಾಹಿತಿ ತಪ್ಪಿಹೋಗುತ್ತದೆ.

ವಯಸ್ಕರಲ್ಲಿ ಮೂತ್ರ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ ಕನಿಷ್ಠ 0.5 ಮಿ.ಲೀ. ಇರಬೇಕು, ಎಂದರೆ 50 ಕಿಲೋ ತೂಕದವರಿಗೆ 25 ಮಿ.ಲೀ. ಸತತ ಎರಡು ಗಂಟೆ ಅದಕ್ಕಿಂತ ಕಡಿಮೆಯಾದರೆ ಮೊದಲು ಕ್ಯಾತಿಟರ್ (ಮೂತ್ರದ ನಳಿಕೆ) ಮಡಚಿದೆಯೇ, ಕಟ್ಟಿಕೊಂಡಿದೆಯೇ ಎಂದು ನೋಡಿ, ಕಿಬ್ಬೊಟ್ಟೆ ಮುಟ್ಟಿ, ತಡಮಾಡದೆ ಡ್ಯೂಟಿ ಡಾಕ್ಟರಿಗೆ ತಿಳಿಸುತ್ತೇನೆ.

ಪೊಟ್ಯಾಸಿಯಂ ವಿಷಯದಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸುತ್ತೇನೆ. ಕರುಳು ಕಟ್ಟಿ ಆಪರೇಷನ್ ಆದವರಲ್ಲಿ ರೈಲ್ಸ್ ಟ್ಯೂಬಿನಿಂದ ದಿನವೂ ಬಹಳ ದ್ರವ ಹೊರಬರುತ್ತಿದ್ದರೆ ಹೊಟ್ಟೆಯ ಆಮ್ಲ ಮತ್ತು ಕ್ಲೋರೈಡ್ ಹೋಗಿ ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಆಗ ಮೂತ್ರಪಿಂಡವೇ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕತೊಡಗುತ್ತದೆ. ಗಾಯ ಚೆನ್ನಾಗಿದ್ದರೂ ಹೊಟ್ಟೆ ಉಬ್ಬಿ, ಗಾಳಿ ಹೋಗದೆ, ರೋಗಿ "ಕಾಲಾಗ ಕಸುವಿಲ್ಲ ಸಿಸ್ಟರ್" ಎಂದಾಗ ನಾನು ಚಾರ್ಟಿನ ಹಿಂದಿನ ಪುಟಗಳನ್ನು ತಿರುವಿ ಒಟ್ಟು ನಷ್ಟವನ್ನು ಕೂಡಿಸಿ ಡಾಕ್ಟರ ಮುಂದಿಡುತ್ತೇನೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5 ಮಿಲಿಈಕ್ವಿವಲೆಂಟ್‌ಗಿಂತ (ಲವಣಗಳನ್ನು ಅಳೆಯುವ ಮಾನ) ಕೆಳಗಿಳಿದರೆ ಕರುಳಿನ ಚಲನೆ ಮಂದವಾಗುತ್ತದೆ, ಹೃದಯದ ಲಯವೂ ತಪ್ಪಬಹುದು. ಪೊಟ್ಯಾಸಿಯಂ ಕ್ಲೋರೈಡಿನ 10 ಮಿ.ಲೀ. ಆಂಪೂಲಿನಲ್ಲಿ (ಔಷಧದ ಸಣ್ಣ ಸೀಸೆ) ಸಾಮಾನ್ಯವಾಗಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ಅದನ್ನು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯ ನಿಂತುಹೋಗಬಹುದು, ಆದ್ದರಿಂದ ಆ ಆಂಪೂಲ್‌ಗಳನ್ನು ಬೇರೆ ಔಷಧಗಳ ಟ್ರೇಯಲ್ಲಿ ಇಡಲು ನಾನು ಬಿಡುವುದಿಲ್ಲ. ಮೂತ್ರ ಸರಿಯಾಗಿ ಬರುತ್ತಿದೆಯೆಂದು ಖಚಿತಪಡಿಸಿಕೊಂಡು, ಬಾಟಲಿಗೆ ಬೆರೆಸಿ, ತಳದಲ್ಲಿ ನಿಲ್ಲದಂತೆ ಬಾಟಲಿಯನ್ನು ಹಲವು ಬಾರಿ ತಿರುವಿ ಮುರುವಿ ಮಾಡಿ, ಲೇಬಲ್ ಅಂಟಿಸುತ್ತೇನೆ. ಕೈಯ ನಾಳದಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್ ಮೀರದ ವೇಗವನ್ನೇ ಇಡುತ್ತೇನೆ. ಉರಿಯುತ್ತದೆ ಎಂದು ರೋಗಿ ಹೇಳಿದರೆ ಆ ಮಾತನ್ನು ಹಗುರವಾಗಿ ತೆಗೆದುಕೊಳ್ಳದೆ, ಡ್ರಿಪ್ ನಿಲ್ಲಿಸಿ ಸೂಜಿಯ ಜಾಗ ನೋಡುತ್ತೇನೆ.

ರಕ್ತದ ಸ್ಯಾಂಪಲ್ ತೆಗೆಯುವ ರೀತಿಯೂ ಚಿಕಿತ್ಸೆಯ ಭಾಗವೇ. ಡ್ರಿಪ್ ಓಡುತ್ತಿರುವ ಕೈಯಿಂದ ತೆಗೆದರೆ ರೋಗಿಯ ರಕ್ತದ ಬದಲು ಬಾಟಲಿಯ ದ್ರವವೇ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ. ರಕ್ತಕಣಗಳು ಒಡೆದ ಸ್ಯಾಂಪಲ್ ಇಲ್ಲದ ಪೊಟ್ಯಾಸಿಯಂ ಏರಿಕೆಯನ್ನು ತೋರಿಸುತ್ತದೆ.

ಸೋಡಿಯಂ ಇಳಿಕೆ ಬಹುಮಟ್ಟಿಗೆ ನೀರು ಹೆಚ್ಚಾದುದರ ಫಲ. ಆಪರೇಷನ್ನಿನ ನೋವು ಮತ್ತು ಒತ್ತಡದಿಂದ ಮೂತ್ರ ತಡೆಯುವ ಹಾರ್ಮೋನ್ ಏರಿರುವಾಗ ಬರೀ 5% ಡೆಕ್ಸ್‌ಟ್ರೋಸ್ ಓಡುತ್ತಿದ್ದರೆ ಸಕ್ಕರೆ ಖರ್ಚಾಗಿ ನೀರಷ್ಟೇ ಉಳಿಯುತ್ತದೆ. ರಾತ್ರಿ ಪಾಳಿಯಲ್ಲಿ ವೃದ್ಧರೊಬ್ಬರು ಗೊಂದಲದಿಂದ ಮಾತನಾಡತೊಡಗಿದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ಆಕ್ಸಿಜನ್, ಸಕ್ಕರೆ, ಸೋಡಿಯಂ ನೋಡಿಸಬೇಕೆಂಬುದು ನನ್ನ ಹಟ. ಎರಡು ಮೂರನೇ ದಿನ ಅಂಗಾಂಶಗಳಲ್ಲಿ ನಿಂತಿದ್ದ ದ್ರವ ರಕ್ತಕ್ಕೆ ಮರಳುವಾಗ, ಹಳೆಯ ವೇಗದಲ್ಲೇ ಡ್ರಿಪ್ ಮುಂದುವರಿದರೆ ಹೃದಯ ದುರ್ಬಲವಾಗಿರುವವರ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅದಕ್ಕಾಗಿ ಪ್ರತಿದಿನ ಬೆಳಿಗ್ಗೆ ಒಂದೇ ತಕ್ಕಡಿಯಲ್ಲಿ ತೂಕ ನೋಡುತ್ತೇನೆ. ಒಂದು ದಿನದಲ್ಲಿ ಒಂದು ಕಿಲೋ ಏರಿದರೆ ಸುಮಾರು ಒಂದು ಲೀಟರ್ ನೀರು ನಿಂತಿದೆ ಎಂದರ್ಥ.

ಇಲಿಯಾಸ್ಟಮಿ, ಎಂದರೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಮಲ ಚೀಲಕ್ಕೆ ಬೀಳುವಂತೆ ಮಾಡುವ ಆಪರೇಷನ್, ಆದವರನ್ನು ಬೇಸಿಗೆಯಲ್ಲಿ ಮನೆಗೆ ಕಳಿಸುವಾಗ ನಾನು ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಬಾಯಾರಿಕೆಗೆ ಬರೀ ನೀರನ್ನೇ ಚರಿಗೆಗಟ್ಟಲೆ ಕುಡಿದರೆ ಚೀಲದಿಂದ ಉಪ್ಪು ಇನ್ನಷ್ಟು ಹರಿದುಹೋಗುತ್ತದೆ ಎಂಬುದು ಅವರಿಗೆ ಹೊಸ ವಿಷಯ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೆ ಕಲಸುವುದನ್ನು ಅವರ ಕೈಯಿಂದಲೇ ಮಾಡಿಸಿ, ಉಪ್ಪು ಹಾಕಿದ ಗಂಜಿಯನ್ನು ಊಟದಲ್ಲಿ ಸೇರಿಸಲು ಹೇಳುತ್ತೇನೆ. ಚೀಲದಿಂದ ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ಹೋದರೆ, ಮೂತ್ರ ಕಡಿಮೆಯಾಗಿ ಗಾಢ ಬಣ್ಣಕ್ಕೆ ತಿರುಗಿದರೆ, ಕಾಲಿನ ಸ್ನಾಯು ಹಿಡಿದುಕೊಂಡರೆ, ಮರುದಿನದ ಬಸ್ಸಿಗೆ ಕಾಯದೆ ಅಂದೇ ಆಸ್ಪತ್ರೆಗೆ ಬರಬೇಕೆಂದು, ರೋಗಿಗೂ ಮನೆಯಲ್ಲಿ ಅವರನ್ನು ನೋಡಿಕೊಳ್ಳುವವರಿಗೂ ಬೇರೆ ಬೇರೆಯಾಗಿ ಹೇಳಿ, ಇಬ್ಬರ ಬಾಯಿಂದಲೂ ಮರಳಿ ಹೇಳಿಸುತ್ತೇನೆ.