ಸೇವ್‌ನಲ್ಲಿ ಹೊಂದಲಿಲ್ಲ ಅಂದರೆ ಇಲ್ಲ ಅಂತ ಅಲ್ಲ

ಅಮೆರಿಕದ ಒಂದು ಕೌಂಟಿ ಕಚೇರಿಯಲ್ಲಿ ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ಆರೋಗ್ಯ ವಿಮೆ), ಫುಡ್ ಸ್ಟ್ಯಾಂಪ್ (ಆಹಾರ ಕೊಳ್ಳಲು ಸರ್ಕಾರ ಕೊಡುವ ನೆರವು) ಅರ್ಜಿ ನೋಡುವುದು ನನ್ನ ಕೆಲಸ. ಅರ್ಜಿದಾರರು ಬೇರೆ ದೇಶದಿಂದ ಬಂದವರಾದರೆ ಅವರ ವಿವರವನ್ನು ಸೇವ್‌ನಲ್ಲಿ, ಅಂದರೆ ವಲಸೆ ಸ್ಥಿತಿ ಪರಿಶೀಲಿಸುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಹಾಕಿ ನೋಡುತ್ತೇವೆ. ಅದನ್ನು ನಡೆಸುವುದು ಯುಎಸ್‌ಸಿಐಎಸ್ ಅನ್ನುವ ವಲಸೆ ಇಲಾಖೆ. ಎ-ನಂಬರ್ (ಬೇರೆ ದೇಶದವರಿಗೆ ಆ ಇಲಾಖೆ ಕೊಡುವ ಸಂಖ್ಯೆ), ಹೆಸರು, ಹುಟ್ಟಿದ ದಿನ ಹಾಕಿದರೆ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಉತ್ತರ ಬರುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಕಡೆಯ ಒಬ್ಬ ವಯಸ್ಸಾದ ಅಮ್ಮನ ಮೆಡಿಕೇಡ್ ಅರ್ಜಿ ಬಂತು. ಮಗ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದ. ಸೇವ್‌ನಲ್ಲಿ ವಿವರ ಹೊಂದಲಿಲ್ಲ. ಅರ್ಜಿಯಲ್ಲಿ ತಮ್ಮ ಹೆಸರಿನ ಜೊತೆ ಗಂಡನ ಹೆಸರು ಬರೆದಿದ್ದರು. ಅವರ ಗ್ರೀನ್ ಕಾರ್ಡ್‌ನಲ್ಲಿ (ಕಾಯಂ ನಿವಾಸದ ಕಾರ್ಡ್) ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಇತ್ತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದಲ್ಲಿ ಹೀಗೇ ಅಚ್ಚಾಗುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಅಂತ ಅದರ ಅರ್ಥ. ಹೆಸರು ಸರಿಪಡಿಸಿದೆ. ಆಗಲೂ ಹೊಂದಲಿಲ್ಲ.

ಫೋನ್ ಮಾಡಿದೆ. "ಅಮ್ಮ, ನೀವು ಹುಟ್ಟಿದ್ದು ಜುಲೈ ನಾಲ್ಕಾ?"

"ಅಯ್ಯೋ ಇಲ್ಲ ಕಣಮ್ಮಾ, ಏಪ್ರಿಲ್ ಏಳು. ಸ್ಕೂಲಿಗೆ ಸೇರಿಸುವಾಗ ಅಪ್ಪ ಬರೆಸಿದ್ದು."

ಅವರು ಬರೆದಿದ್ದು 7/4. ನಮ್ಮಲ್ಲಿ ದಿನ ಮೊದಲು, ಇಲ್ಲಿ ತಿಂಗಳು ಮೊದಲು. ಅಷ್ಟೇ ತಪ್ಪು.

ಸರಿಪಡಿಸಿದ ಮೇಲೂ ಹೊಂದದಿದ್ದರೆ ಕಾಗದಪತ್ರ ಸೇರಿಸಿ ಮುಂದಿನ ಹಂತದ ಪರಿಶೀಲನೆಗೆ ಕಳಿಸಬೇಕು. ಅಲ್ಲಿ ಸಿಬ್ಬಂದಿಯೇ ದಾಖಲೆ ತೆಗೆದು ನೋಡುತ್ತಾರೆ. ಮೊದಲ ಉತ್ತರ ನೋಡಿಯೇ ಅರ್ಜಿ ತಳ್ಳಿಹಾಕುವ ಹಾಗಿಲ್ಲ. ಮೆಡಿಕೇಡ್‌ನಲ್ಲಿ ಉಳಿದೆಲ್ಲ ಅರ್ಹತೆ ಇದ್ದು, ವಲಸೆ ಸ್ಥಿತಿಯೊಂದೇ ಖಚಿತವಾಗಬೇಕಿದ್ದರೆ, ಅದಕ್ಕೆ 90 ದಿನದ ಅವಕಾಶವಿದೆ. ಅಷ್ಟು ದಿನ ಸೌಲಭ್ಯ ಕೊಡಬೇಕು. ಮಾತ್ರೆ ನಿಂತರೆ ತೊಂದರೆಯಾಗುವ ವಯಸ್ಸು ಅವರದು, ಅಲ್ವಾ?

ಅವರ ಮಗನಿಗೆ ಇನ್ನೊಂದು ಗೊಂದಲವಿತ್ತು. 1996ರ ಕಾನೂನಿನ ಪ್ರಕಾರ ಗ್ರೀನ್ ಕಾರ್ಡ್ ಇರುವ ಹೆಚ್ಚಿನವರು ಮೆಡಿಕೇಡ್‌ಗೆ 5 ವರ್ಷ ಕಾಯಬೇಕು. ಅಮ್ಮ ಮೊದಲು ವಿಸಿಟರ್ ವೀಸಾದಲ್ಲಿ ಬಂದ ದಿನದಿಂದ ಮಗ ಲೆಕ್ಕ ಹಾಕಿದ್ದ. ಹಾಗಲ್ಲ, ಕಾರ್ಡ್‌ನಲ್ಲಿರುವ 'ರೆಸಿಡೆಂಟ್ ಸಿನ್ಸ್' ದಿನಾಂಕ ನೋಡಬೇಕು. ಅದರ ಪ್ರಕಾರವೂ 5 ವರ್ಷ ದಾಟಿತ್ತು. ಕಾರ್ಡ್‌ನ ಅವಧಿ ಮುಗಿದಿದೆ ಅಂತ ಕೆಲವರು ಅರ್ಜಿಯನ್ನೇ ಹಾಕುವುದಿಲ್ಲ. ಕಾರ್ಡ್ ಹಳೆಯದಾದ ಮಾತ್ರಕ್ಕೆ ಕಾಯಂ ನಿವಾಸದ ಹಕ್ಕು ಹೋಗುವುದಿಲ್ಲ.

ಜಾಸ್ತಿ ಹೆದರುವವರು ಮಕ್ಕಳಿಗಾಗಿ ಅರ್ಜಿ ಹಾಕುವ ತಂದೆ ತಾಯಿ. ಸೌಲಭ್ಯ ಮಗುವಿಗೆ ಮಾತ್ರ ಕೇಳಿದ್ದರೆ ಮಗುವಿನ ಸ್ಥಿತಿ ಮಾತ್ರ ನೋಡಬೇಕು. ತಂದೆ ತಾಯಿಯದನ್ನು ನಾನು ಕೇಳುವುದಿಲ್ಲ. ಇದನ್ನು ಮೊದಲ ಮಾತಿನಲ್ಲೇ ಹೇಳಿಬಿಡುತ್ತೇನೆ. ಆಮೇಲೆ ಅವರ ದನಿಯೇ ಬದಲಾಗುತ್ತದೆ.

ಈಗ ಯಾರದೇ ಅರ್ಜಿ ಬಂದರೂ ಕಾರ್ಡ್‌ನ ಎರಡೂ ಬದಿಯ ಪ್ರತಿ ತರಿಸಿಕೊಳ್ಳುತ್ತೇನೆ. ಹುಟ್ಟಿದ ತಿಂಗಳನ್ನು ಅಂಕಿಯಲ್ಲಿ ಅಲ್ಲ, ಅಕ್ಷರದಲ್ಲಿ ಬರೆಸುತ್ತೇನೆ.