ಜಿಬ್ರಾಲ್ಟರಿನಲ್ಲಿ ಹನ್ನೆರಡು ಗುಂಟೆ

2022ರ ಜೂನ್‌ನಲ್ಲಿ ಎಫ್‌ಎಟಿಎಫ್ ಎಂಬ, ಅಕ್ರಮ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ, ಸ್ಪೇನಿನ ದಕ್ಷಿಣಕ್ಕೆ ಅಂಟಿಕೊಂಡಿರುವ ಬ್ರಿಟಿಷ್ ಪ್ರದೇಶವಾದ ಜಿಬ್ರಾಲ್ಟರನ್ನು ಬೂದು ಪಟ್ಟಿಗೆ, ಅಂದರೆ ಹೆಚ್ಚಿನ ನಿಗಾ ಇಡಬೇಕಾದವರ ಪಟ್ಟಿಗೆ ಸೇರಿಸಿತು. ನಾನು ಅಲ್ಲಿ ಕಂಪನಿ ನೋಂದಾಯಿಸಿದ್ದು ಆಗಸ್ಟ್‌ನಲ್ಲಿ. ಮುಹೂರ್ತ ನೋಡುವ ಅಭ್ಯಾಸ ನನಗಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

ನೋಂದಣಿಗೆ ಒಂದು ವಾರ ಸಾಕಾಯಿತು. ಬ್ಯಾಂಕ್ ಖಾತೆಗೆ ಏಳು ತಿಂಗಳು ಹಿಡಿಯಿತು. ಬಂಡವಾಳವೆಂದರೆ ಹಾಸನದ ಹತ್ತಿರ ನಮಗಿದ್ದ ಹನ್ನೆರಡು ಗುಂಟೆ ಮಾರಿದ ಹಣ. ಅದರ ಮೂಲ ತೋರಿಸಿ ಎಂದರು, ಕ್ರಯಪತ್ರ ಕೊಟ್ಟೆ. ಅದಿದ್ದದ್ದು ಕನ್ನಡದಲ್ಲಿ. ಇಂಗ್ಲಿಷಿಗೆ ಅನುವಾದ, ನೋಟರಿ, ಅದರ ಮೇಲೆ ವಿದೇಶದಲ್ಲಿ ದಾಖಲೆ ನಡೆಯಲು ಬೇಕಾದ ಅಪಾಸ್ಟಿಲ್ ಎಂಬ ಸರ್ಕಾರಿ ಮುದ್ರೆ, ಎಲ್ಲ ಮುಗಿಸಿ ಕಳುಹಿಸಿದ ಮೂರು ವಾರಕ್ಕೆ ಒಂದೇ ಸಾಲಿನ ಪ್ರಶ್ನೆ ಬಂತು: ಗುಂಟೆ ಎಂದರೇನು? 1,089 ಚದರ ಅಡಿ, ನಲವತ್ತು ಸೇರಿದರೆ ಒಂದು ಎಕರೆ ಎಂದು ಬರೆದೆ. ಅದಕ್ಕೂ ದಾಖಲೆ ಕೇಳಿದರು! ಶಾಲೆಯಲ್ಲಿ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದಕ್ಕೆ ದಾಖಲೆ ಎಲ್ಲಿಂದ ತರಲಿ? ಕೊನೆಗೆ ಸರ್ವೇಯರ್ ಒಬ್ಬರ ಪತ್ರದಿಂದ ಕೆಲಸವಾಯಿತು.

ತೆರಿಗೆ ಉಳಿಸಲು ಹೋದೆಯಾ ಎಂದು ಊರಿನಲ್ಲಿ ಕೇಳುತ್ತಾರೆ. ಸುಳ್ಳೇಕೆ ಹೇಳಲಿ, ಆಗ ಲಾಭದ ಮೇಲೆ ಶೇ 12.5 ಇತ್ತು, ವ್ಯಾಟ್ ಇರಲಿಲ್ಲ. 2024ರ ಜುಲೈನಿಂದ ಶೇ 15 ಆಗಿದೆ, ಆದರೂ ನಾನು ಜಾಗ ಬಿಟ್ಟಿಲ್ಲ. 6.8 ಚದರ ಕಿಲೋಮೀಟರಿನ ಈ ಬಂಡೆಯ ಬುಡದಲ್ಲಿ ಬ್ರಿಟನ್ನಿನ ಎಷ್ಟೋ ವಾಹನಗಳಿಗೆ ವಿಮೆ ಕೊಡುವ ಕಂಪನಿಗಳಿವೆ. ನಾನು ಮಾಡುವುದು ಅವರ ಕ್ಲೇಮುಗಳ ಲೆಕ್ಕದ ಸಾಫ್ಟ್‌ವೇರ್. ಗ್ರಾಹಕರೆಲ್ಲ ನಡೆದು ಹೋಗುವಷ್ಟು ದೂರದಲ್ಲಿದ್ದಾರೆ.

ನಾನು ಎಡವಿದ್ದು ಬೆಂಗಳೂರಿನ ಕೆಲಸದಲ್ಲಿ. ಹಳೆಯ ಪರಿಚಯದ ಒಂದು ಕಂಪನಿಗೆ ಸಲಹೆ ಕೊಟ್ಟು ಬಿಲ್ ಕಳುಹಿಸಿದೆ. ಬ್ರಿಟಿಷ್ ಪ್ರದೇಶ ತಾನೇ, ಭಾರತ ಮತ್ತು ಬ್ರಿಟನ್ ನಡುವಿನ ತೆರಿಗೆ ಒಪ್ಪಂದ ಅನ್ವಯಿಸುತ್ತದೆ ಎಂದು ನಂಬಿದ್ದೆ. ಅನ್ವಯಿಸುವುದಿಲ್ಲ. ಜಿಬ್ರಾಲ್ಟರಿನೊಂದಿಗೆ ಭಾರತ 2013ರಲ್ಲಿ ಸಹಿ ಹಾಕಿದ್ದು ಮಾಹಿತಿ ವಿನಿಮಯಕ್ಕೆ ಮಾತ್ರ. ಅಂದರೆ ನಮ್ಮ ವಿವರ ಹೋಗುತ್ತದೆ, ರಿಯಾಯಿತಿ ಬರುವುದಿಲ್ಲ. ಸಾಲದ್ದಕ್ಕೆ 2023ರ ಏಪ್ರಿಲ್‌ನಿಂದ ವಿದೇಶಿ ಕಂಪನಿಗೆ ಕೊಡುವ ತಾಂತ್ರಿಕ ಸೇವೆಯ ಶುಲ್ಕದ ಮೇಲೆ ಭಾರತದ ತೆರಿಗೆ ದರ ಶೇ 10ರಿಂದ 20ಕ್ಕೆ ಏರಿತ್ತು. ಖರ್ಚು ಕಳೆಯುವಂತಿಲ್ಲ, ಇಡೀ ಬಿಲ್ಲಿನ ಮೇಲೆಯೇ ಕಡಿತ, ಜೊತೆಗೆ ಸೆಸ್. ಆ ಕೆಲಸದಲ್ಲಿ ನನಗೆ ಉಳಿದದ್ದು ಹಳೆಯ ಪರಿಚಯವಷ್ಟೇ.

ನನ್ನ ಮೊದಲ ಉದ್ಯೋಗಿ ಸ್ಪೇನ್ ಕಡೆಯ ಲಾ ಲೀನಿಯಾದವರು. ಸ್ಪೇನಿನಿಂದ ದಿನವೂ ಸುಮಾರು 15,000 ಮಂದಿ ಗಡಿ ದಾಟಿ ಕೆಲಸಕ್ಕೆ ಬರುತ್ತಾರೆ. ದಾರಿ ವಿಮಾನ ನಿಲ್ದಾಣದ ರನ್‌ವೇಗೆ ಅಡ್ಡಲಾಗಿದೆ. 2023ರಲ್ಲಿ ಸುರಂಗ ತೆರೆದ ಮೇಲೆ ವಾಹನಗಳು ಅತ್ತ ಹೋಗುತ್ತವೆ, ನಡೆಯುವವರಿಗೆ ಈಗಲೂ ರನ್‌ವೇ ಇದೆ. ವಿಮಾನ ಇಳಿಯುವ ಹೊತ್ತಿಗೆ ಗೇಟು ಬೀಳುತ್ತದೆ, ಥೇಟ್ ನಮ್ಮ ರೈಲ್ವೆ ಗೇಟು. "ಗೇಟು ಹಾಕಿತ್ತು ಸಾರ್" ಎಂಬ ನೆಪವನ್ನು ಇಲ್ಲಿ ಸ್ಪ್ಯಾನಿಷ್‌ನಲ್ಲಿ ಕೇಳುತ್ತೇನೆ.

1969ರಲ್ಲಿ ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಈ ಗಡಿಯನ್ನು ಮುಚ್ಚಿಸಿದಾಗ ನನ್ನ ಆ ಉದ್ಯೋಗಿಯ ಅಜ್ಜಿ ಬೇಲಿಯ ಆಚೆಗಿದ್ದ ತಂಗಿಗೆ ಕೂಗಿ ಸುದ್ದಿ ಹೇಳುತ್ತಿದ್ದರಂತೆ. ಗಾಳಿ ಜೋರಾಗಿದ್ದ ದಿನ ಅರ್ಧ ಮಾತು ಹಾರಿಹೋಗುತ್ತಿತ್ತಂತೆ. 2025ರ ಜೂನ್‌ನಲ್ಲಿ ಬೇಲಿ ತೆಗೆಯುವ ಒಪ್ಪಂದದ ಸುದ್ದಿ ಬಂದಾಗ ಸಂತೋಷವೇ ಎಂದು ಕೇಳಿದೆ. ಲಾ ಲೀನಿಯಾದಲ್ಲಿ ಇನ್ನು ಮನೆ ಬಾಡಿಗೆ ಏರುತ್ತದೆ ಎಂದು ಹೇಳಿ, ಆ ಮಧ್ಯಾಹ್ನವೇ ಸಂಬಳ ಹೆಚ್ಚಿಸುವ ಮಾತೆತ್ತಿದರು.